ಅತಂತ್ರ ವಿಧಾನಸಭೆ: ರಾಜ್ಯಪಾಲರು ಮೊದಲು ಯಾರನ್ನು ಕರೆಯಬೇಕು?

ಪ್ರಶ್ನೆ: ವಿಧಾನಸಭಾ ಚುನಾವಣೆಯಲ್ಲಿ ಯಾರಿಗೂ ಸ್ಪಷ್ಟ ಬಹುಮತ ಬಾರದಿದ್ದಾಗ ಕೆಲವೊಮ್ಮೆ ಅತಿ ಹೆಚ್ಚು ಸ್ಥಾನ ಗೆದ್ದ ಪಕ್ಷವನ್ನು ಸರ್ಕಾರ ರಚಿಸಲು ಕರೆಯುತ್ತಾರೆ, ಕೆಲವೊಮ್ಮೆ ಅದನ್ನು ಬಿಟ್ಟು ಉಳಿದವರ ಕೂಟವನ್ನು ಕರೆಯುತ್ತಾರೆ. ಗೋವಾದಲ್ಲಿ 2017ರಲ್ಲಿ ಒಂದು ರೀತಿ, ಕರ್ನಾಟಕದಲ್ಲಿ 2018ರಲ್ಲಿ ಇನ್ನೊಂದು ರೀತಿ ಆಯಿತು. ಇದಕ್ಕೆ ನಿಯಮವೆಂಬುದು ಇದೆಯೇ? ಪ್ರಚಾರದಲ್ಲಿ ಒಬ್ಬರನ್ನೊಬ್ಬರು ಹಳಿದವರು ಫಲಿತಾಂಶದ ದಿನವೇ ಕೈಜೋಡಿಸುವುದು ಮತದಾರರಿಗೆ ಮಾಡುವ ದ್ರೋಹವಲ್ಲವೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾದ ಉತ್ತರವೆಂದರೆ, ಸಂವಿಧಾನದಲ್ಲಿ ಅಂಥ ನಿಯಮ ಬರೆದಿಲ್ಲ. 164ನೇ ವಿಧಿಯ ಮೊದಲ ಉಪವಿಧಿ ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸತಕ್ಕದ್ದು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಎರಡನೆಯ ಉಪವಿಧಿ, ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರತಕ್ಕದ್ದು ಎನ್ನುತ್ತದೆ. ‘ಅತಿ ದೊಡ್ಡ ಪಕ್ಷ’ ಎಂಬ ಮಾತು ಈ ಎರಡರಲ್ಲಿ ಎಲ್ಲಿಯೂ ಬರುವುದಿಲ್ಲ. ಆದ್ದರಿಂದ ಅತಿ ಹೆಚ್ಚು ಸ್ಥಾನ ಗೆದ್ದವರಿಗೆ ಸರ್ಕಾರ ರಚಿಸುವ ಹಕ್ಕು ತಾನಾಗಿಯೇ ಬರುತ್ತದೆ ಎಂಬ ಜನಪ್ರಿಯ ನಂಬಿಕೆಗೆ ಸಂವಿಧಾನದ ಆಧಾರವಿಲ್ಲ. ಸಂವಿಧಾನಕ್ಕೆ ಬೇಕಾಗಿರುವುದು ಸದನದ ವಿಶ್ವಾಸ ಉಳಿಸಿಕೊಳ್ಳಬಲ್ಲ ಮುಖ್ಯಮಂತ್ರಿ. ಅಂಥವರು ಮೊದಲ ಸ್ಥಾನದ ಪಕ್ಷದವರೂ ಆಗಿರಬಹುದು, ಮೂರನೆಯ ಸ್ಥಾನದ ಪಕ್ಷದವರೂ ಆಗಿರಬಹುದು.

ಈ ಮೌನದಿಂದ ಹುಟ್ಟುವ ತೊಡಕು ಗಣರಾಜ್ಯದಷ್ಟೇ ಹಳೆಯದು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮದ್ರಾಸ್ ರಾಜ್ಯದ 375 ಸ್ಥಾನಗಳ ಪೈಕಿ ಕಾಂಗ್ರೆಸ್ ಗೆದ್ದದ್ದು 152. ಟಿ. ಪ್ರಕಾಶಂ ಅವರ ನಾಯಕತ್ವದಲ್ಲಿ ಒಂದುಗೂಡಿದ ವಿರೋಧಿ ಪಕ್ಷಗಳು ಬಹುಮತ ತಮಗಿದೆ ಎಂದು ಹಕ್ಕು ಮಂಡಿಸಿದರೂ ರಾಜ್ಯಪಾಲ ಶ್ರೀಪ್ರಕಾಶ ಅವರು ಕರೆದದ್ದು ಸಿ. ರಾಜಗೋಪಾಲಾಚಾರಿ ಅವರನ್ನು, ಚುನಾವಣೆಗೇ ನಿಲ್ಲದಿದ್ದ ಅವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿ ಮುಖ್ಯಮಂತ್ರಿಯ ಪೀಠಕ್ಕೆ ತರಲಾಯಿತು. ಅಲ್ಲಿಂದೀಚೆಗೆ ರಾಜಸ್ಥಾನದಲ್ಲಿ 1967ರಲ್ಲಿ, ಹರಿಯಾಣದಲ್ಲಿ 1982ರಲ್ಲಿ, ಮತ್ತೆ ಎಷ್ಟೋ ಕಡೆಗಳಲ್ಲಿ ರಾಜಭವನದ ಆಯ್ಕೆ ವಿವಾದಕ್ಕೆ ಸಿಲುಕಿದೆ. ಕೇಂದ್ರದಲ್ಲಿ ಯಾವ ಪಕ್ಷದ ಆಡಳಿತವಿದ್ದರೂ ಆಯ್ಕೆ ಬಹುಮಟ್ಟಿಗೆ ಆ ಪಕ್ಷದ ಕಡೆಗೇ ವಾಲಿದೆ ಎಂಬುದನ್ನು ಈ ಇತಿಹಾಸ ಓದಿದ ಯಾರೂ ಅಲ್ಲಗಳೆಯಲಾರರು.

ಬರಹದಲ್ಲಿರುವ ಮಾರ್ಗದರ್ಶನವೆಂದರೆ ಕೇಂದ್ರ–ರಾಜ್ಯ ಸಂಬಂಧಗಳನ್ನು ಪರಿಶೀಲಿಸಲು 1983ರಲ್ಲಿ ನೇಮಕಗೊಂಡು 1988ರಲ್ಲಿ ವರದಿ ನೀಡಿದ ಸರ್ಕಾರಿಯಾ ಆಯೋಗದ್ದು. ಆಯೋಗ ಒಂದು ಆದ್ಯತೆಯ ಕ್ರಮವನ್ನು ಸೂಚಿಸಿತು: ಮೊದಲು, ಚುನಾವಣೆಗೆ ಮುಂಚೆಯೇ ಮೈತ್ರಿ ಮಾಡಿಕೊಂಡ ಪಕ್ಷಗಳ ಕೂಟ, ಅದಿಲ್ಲದಿದ್ದರೆ ಪಕ್ಷೇತರರೂ ಸೇರಿದಂತೆ ಇತರರ ಬೆಂಬಲದೊಂದಿಗೆ ಹಕ್ಕು ಮಂಡಿಸುವ ಅತಿ ದೊಡ್ಡ ಪಕ್ಷ, ಬಳಿಕ, ಎಲ್ಲ ಪಾಲುದಾರರೂ ಸರ್ಕಾರದೊಳಗೆ ಬರುವ ಚುನಾವಣೋತ್ತರ ಮೈತ್ರಿ, ಕೊನೆಗೆ, ಕೆಲವರು ಒಳಗಿದ್ದು ಕೆಲವರು ಹೊರಗಿನಿಂದ ಬೆಂಬಲಿಸುವ ಮೈತ್ರಿ. ಚುನಾವಣಾಪೂರ್ವ ಮೈತ್ರಿಕೂಟವನ್ನು ಒಂದೇ ಪಕ್ಷವೆಂದು ಎಣಿಸಬೇಕೆಂದು 2010ರ ಪೂಂಛಿ ಆಯೋಗದ ವರದಿಯೂ ಹೇಳಿತು. ಇವೆಲ್ಲ ಶಿಫಾರಸುಗಳು. ನ್ಯಾಯಾಲಯಗಳು ಇವನ್ನು ಗೌರವದಿಂದ ಉಲ್ಲೇಖಿಸಿವೆಯಾದರೂ ಸಂಸತ್ತು ಕಾನೂನಾಗಿ ಮಾಡಿಲ್ಲ.

ಟಿವಿ ಚರ್ಚೆಗಳಲ್ಲಿ ಪದೇ ಪದೇ ತಪ್ಪುವುದು ಎರಡನೆಯ ಮೆಟ್ಟಿಲಿನ ಓದು. ಆಯೋಗ ಹೇಳಿದ್ದು ಬರೀ ‘ಅತಿ ದೊಡ್ಡ ಪಕ್ಷ’ ಎಂದಲ್ಲ. ‘ಇತರರ ಬೆಂಬಲದೊಂದಿಗೆ ಹಕ್ಕು ಮಂಡಿಸುವ’ ಅತಿ ದೊಡ್ಡ ಪಕ್ಷ ಎಂದು. ಬೆಂಬಲ ಎಲ್ಲಿಂದ ಬರುತ್ತದೆಂದು ತೋರಿಸಲಾರದ ದೊಡ್ಡ ಪಕ್ಷ ಆ ಮೆಟ್ಟಿಲಿನ ಮೇಲೆ ನಿಂತೇ ಇಲ್ಲ. ಈ ಷರತ್ತನ್ನು ಕೈಬಿಟ್ಟು ಓದಿದರೆ, ಮೊದಲು ಅಧಿಕಾರ ಕೊಟ್ಟು ಆಮೇಲೆ ಬೆಂಬಲ ಹುಡುಕಿಕೊಳ್ಳಲು ಬಿಟ್ಟಂತಾಗುತ್ತದೆ. ಕುದುರೆ ವ್ಯಾಪಾರ ಕುದುರುವುದೇ ಆ ಸಂದಿಯಲ್ಲಿ.

ಈಗ ನೀವು ಕೇಳಿದ ಎರಡು ಉದಾಹರಣೆಗಳಿಗೆ ಬರುತ್ತೇನೆ. ಗೋವಾದ 40 ಸ್ಥಾನಗಳಲ್ಲಿ ಕಾಂಗ್ರೆಸ್ 17, ಬಿಜೆಪಿ 13 ಗೆದ್ದಿದ್ದವು. ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ, ಗೋವಾ ಫಾರ್ವರ್ಡ್ ಪಕ್ಷ ಮತ್ತು ಪಕ್ಷೇತರರ ಬೆಂಬಲದ ಪತ್ರಗಳೊಂದಿಗೆ ಬಿಜೆಪಿಯ ಮನೋಹರ್ ಪರಿಕ್ಕರ್ ಮೊದಲು ರಾಜಭವನ ತಲುಪಿದರು. ಕಾಂಗ್ರೆಸ್ ತನ್ನ ನಾಯಕನ ಆಯ್ಕೆಯಲ್ಲೇ ತಡಮಾಡಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ ನ್ಯಾಯಾಲಯ ಕಾಂಗ್ರೆಸ್ಸಿಗೆ ಕೇಳಿದ್ದು, ನಿಮ್ಮ ಬಳಿ ಸಂಖ್ಯೆಯಿದ್ದರೆ ಬೆಂಬಲಿಗರ ಪಟ್ಟಿ ಎಲ್ಲಿ, ಎಂಬರ್ಥದ ಪ್ರಶ್ನೆಯನ್ನೇ. ಪ್ರಮಾಣವಚನಕ್ಕೆ ತಡೆ ಸಿಗಲಿಲ್ಲ, ಆದರೆ ಎರಡೇ ದಿನದಲ್ಲಿ, ಮಾರ್ಚ್ 16ರಂದು, ಸದನದಲ್ಲಿ ಮತ ಎಣಿಸುವ ಬಲಾಬಲ ಪರೀಕ್ಷೆ ನಡೆಯಬೇಕೆಂಬ ಆದೇಶ ಬಂತು. ಪರಿಕ್ಕರ್ 22–16ರಿಂದ ಗೆದ್ದರು. ಅಲ್ಲಿ ಅತಿ ದೊಡ್ಡ ಪಕ್ಷವನ್ನು ಬಿಟ್ಟದ್ದು ತಪ್ಪೆಂದು ಹೇಳುವುದು ಕಷ್ಟ, ಏಕೆಂದರೆ ಬಹುಮತದ ಪತ್ರ ಇನ್ನೊಬ್ಬರ ಕೈಯಲ್ಲಿತ್ತು, ಸದನದಲ್ಲಿ ಅದು ನಿಜವೆಂದೂ ಆಯಿತು.

ಅದೇ ಮಾನದಂಡವನ್ನು ಮರುವರ್ಷ ಕರ್ನಾಟಕಕ್ಕೆ ಅನ್ವಯಿಸಿದ್ದರೆ ಉತ್ತರ ಬೇರೆಯಾಗಬೇಕಿತ್ತು. 2018ರ ಮೇ 12ರಂದು 222 ಕ್ಷೇತ್ರಗಳಿಗೆ ಮತದಾನ ನಡೆದು, 15ರಂದು ಎಣಿಕೆ ಮುಗಿದಾಗ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37, ಅದರ ಚುನಾವಣಾ ಮಿತ್ರಪಕ್ಷ ಬಿಎಸ್‌ಪಿ 1, ಉಳಿದಂತೆ ಕೆಪಿಜೆಪಿಯ ಒಬ್ಬರು ಮತ್ತು ಒಬ್ಬ ಪಕ್ಷೇತರರು ಎಂಬ ಚಿತ್ರ ಸಿಕ್ಕಿತು. ಎಣಿಕೆ ಪೂರ್ತಿ ಮುಗಿಯುವ ಮೊದಲೇ ಕಾಂಗ್ರೆಸ್ ಎಚ್.ಡಿ. ಕುಮಾರಸ್ವಾಮಿ ಅವರಿಗೆ ಬೆಂಬಲ ಘೋಷಿಸಿತ್ತು. ಅವರು ರಾಮನಗರ ಮತ್ತು ಚನ್ನಪಟ್ಟಣ ಎರಡರಲ್ಲೂ ಗೆದ್ದಿದ್ದರಿಂದ ಸದನದಲ್ಲಿ ವಾಸ್ತವವಾಗಿ ಕೂರಬಹುದಾಗಿದ್ದವರು 221 ಮಂದಿ, ಅರ್ಧ ದಾಟಲು ಬೇಕಾದದ್ದು 111. ಮೈತ್ರಿಯ ಬಳಿ ಆ ಸಂಖ್ಯೆ ಕಣ್ಣಿಗೆ ಕಾಣುವಂತಿತ್ತು. ಬಿಜೆಪಿಗೆ ಏಳು ಮಂದಿ ಎಲ್ಲಿಂದ ಬರುತ್ತಾರೆಂಬುದು ಕಾಣುತ್ತಿರಲಿಲ್ಲ. ರಾಜ್ಯಪಾಲ ವಜುಭಾಯಿ ವಾಲಾ ಅವರು ಬಿ.ಎಸ್. ಯಡಿಯೂರಪ್ಪ ಅವರನ್ನು ಕರೆದು ಬಹುಮತ ಸಾಬೀತಿಗೆ 15 ದಿನಗಳ ಅವಕಾಶ ಕೊಟ್ಟರು.

ಮುಂದಿನ ಮೂರು ದಿನಗಳನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಇಂದು ಚಾಲ್ತಿಯಲ್ಲಿರುವ ಪದ್ಧತಿಯ ಎಲ್ಲ ಅಂಶಗಳೂ ಅಲ್ಲಿ ಒಟ್ಟಿಗೆ ಸಿಗುತ್ತವೆ. ಮೇ 16ರ ಮಧ್ಯರಾತ್ರಿ ದಾಟಿದ ಮೇಲೆ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ವಿಚಾರಣೆ ಆರಂಭಿಸಿ ಬೆಳಗಿನ ಜಾವದವರೆಗೆ ನಡೆಸಿತು. 17ರ ಪ್ರಮಾಣವಚನವನ್ನು ತಡೆಯಲು ಒಪ್ಪಲಿಲ್ಲ, ಆದರೆ ಯಡಿಯೂರಪ್ಪ ಅವರು ರಾಜ್ಯಪಾಲರಿಗೆ ಬರೆದ ಪತ್ರಗಳನ್ನು ಹಾಜರುಪಡಿಸಬೇಕೆಂದಿತು. 18ರಂದು ಆ ಪತ್ರಗಳನ್ನು ನೋಡಿದ ಬಳಿಕ, ಮರುದಿನ ಸಂಜೆ 4 ಗಂಟೆಗೆ ಬಲಾಬಲ ಪರೀಕ್ಷೆ ಆಗಲಿ ಎಂದಿತು. ಗುಪ್ತ ಮತದಾನವಿರಲಿ ಎಂಬ ಬೇಡಿಕೆ ತಿರಸ್ಕೃತವಾಯಿತು. ಆಂಗ್ಲೋ-ಇಂಡಿಯನ್ ಸದಸ್ಯರ ನಾಮಕರಣವನ್ನು ಪರೀಕ್ಷೆ ಮುಗಿಯುವವರೆಗೆ ಮಾಡಬಾರದೆಂದೂ ಹೇಳಿತು. ಒಂದೊಂದು ಮತವೂ ಲೆಕ್ಕಕ್ಕೆ ಬರುವಾಗ ಸರ್ಕಾರವೇ ಒಬ್ಬ ಮತದಾರನನ್ನು ಸದನಕ್ಕೆ ತಂದುಕೊಳ್ಳುವಂತಿಲ್ಲ ಎಂಬುದು ಇದರ ತಾತ್ಪರ್ಯ. ಹಂಗಾಮಿ ಸ್ಪೀಕರ್ ಆಗಿ ಕೆ.ಜಿ. ಬೋಪಯ್ಯ ಅವರ ನೇಮಕವನ್ನು ಪ್ರಶ್ನಿಸಿದಾಗ ಅದರಲ್ಲಿ ನ್ಯಾಯಾಲಯ ಕೈಹಾಕಲಿಲ್ಲ, ಕಲಾಪ ನೇರಪ್ರಸಾರವಾಗುವುದರಿಂದ ಪಾರದರ್ಶಕತೆ ಉಳಿಯುತ್ತದೆ ಎಂದಿತು. 19ರಂದು ಯಡಿಯೂರಪ್ಪ ಅವರು ಮತಕ್ಕೆ ಹಾಕುವ ಮುನ್ನವೇ ರಾಜೀನಾಮೆ ಕೊಟ್ಟರು. ಕುಮಾರಸ್ವಾಮಿ 23ರಂದು ಪ್ರಮಾಣವಚನ ಸ್ವೀಕರಿಸಿ 25ರಂದು ವಿಶ್ವಾಸಮತ ಪಡೆದರು.

ಹದಿನೈದು ದಿನ ಎರಡು ದಿನವಾದದ್ದೇ ಈ ಇಡೀ ಪ್ರಕರಣದ ಸಾರವೆಂದು ನಾನು ಭಾವಿಸುತ್ತೇನೆ. ಯಾರನ್ನು ಮೊದಲು ಕರೆಯಬೇಕೆಂಬ ವಾದ ಎಂದಿಗೂ ಮುಗಿಯದು. ಆದರೆ ಕರೆದವರು 24 ಅಥವಾ 48 ಗಂಟೆಯೊಳಗೆ ಸದನದಲ್ಲಿ ಸಂಖ್ಯೆ ತೋರಿಸಬೇಕೆಂದಾದರೆ ತಪ್ಪು ಆಯ್ಕೆಯಿಂದಾಗುವ ಹಾನಿ ಬಹಳ ಕಡಿಮೆಯಾಗುತ್ತದೆ. ಸರ್ಕಾರಿಯಾ ಆಯೋಗ 30 ದಿನದೊಳಗೆ ವಿಶ್ವಾಸಮತ ಕೇಳಬೇಕೆಂದಿತ್ತು. ಆ ಕಾಲಕ್ಕೆ ಅದು ಸುಧಾರಣೆಯೇ. ಇಂದಿನ ಸ್ಥಿತಿಯಲ್ಲಿ ಮೂವತ್ತು ದಿನ ಕೊಡುವುದೆಂದರೆ ರೆಸಾರ್ಟ್‌ಗಳ ಬಾಗಿಲು ತಿಂಗಳಿಡೀ ತೆರೆದಿಟ್ಟಂತೆ. ಮಹಾರಾಷ್ಟ್ರದಲ್ಲಿ 2019ರ ನವೆಂಬರ್ 23ರ ಬೆಳಗ್ಗೆ ದೇವೇಂದ್ರ ಫಡಣವೀಸ್ ಪ್ರಮಾಣವಚನ ಸ್ವೀಕರಿಸಿದಾಗಲೂ ಹೀಗೆಯೇ ಆಯಿತು. 26ರಂದು ಸುಪ್ರೀಂ ಕೋರ್ಟ್ ಮರುದಿನವೇ ಪರೀಕ್ಷೆಯಾಗಬೇಕೆಂದಿತು, ಅಂದೇ ಸಂಜೆಯೊಳಗೆ ರಾಜೀನಾಮೆ ಬಂತು.

ಸದನದಲ್ಲೇ ಎಣಿಸಬೇಕೆಂಬ ತತ್ವಕ್ಕೆ ತಳಪಾಯ ಹಾಕಿದ್ದೂ ಕರ್ನಾಟಕದ ಪ್ರಕರಣವೇ. 1989ರ ಏಪ್ರಿಲ್‌ನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳನ್ನು ಆಧಾರವಾಗಿಟ್ಟುಕೊಂಡು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರು ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬಹುಮತವಿಲ್ಲವೆಂದು ವರದಿ ಕಳಿಸಿದರು. ಅವರಲ್ಲಿ ಏಳು ಮಂದಿ ಮರುದಿನವೇ ತಮ್ಮ ಸಹಿಯನ್ನು ತಪ್ಪು ಮಾಹಿತಿ ಕೊಟ್ಟು ಪಡೆಯಲಾಗಿದೆಯೆಂದು ಬರೆದುಕೊಟ್ಟರು. ಸದನದಲ್ಲಿ ಬಹುಮತ ತೋರಿಸಲು ಸಿದ್ಧನಿದ್ದೇನೆಂದು ಮುಖ್ಯಮಂತ್ರಿಯೂ ಹೇಳಿದರು. ಆದರೂ ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಗೊಂಡಿತು. ಐದು ವರ್ಷದ ಮೇಲೆ, 1994ರ ಮಾರ್ಚ್ 11ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿಯೇ ಹೊರತು ಯಾವುದೇ ವ್ಯಕ್ತಿಯ ಸ್ವಂತ ತೀರ್ಮಾನದಲ್ಲಲ್ಲ ಎಂದು ಸ್ಪಷ್ಟಪಡಿಸಿತು. ಸಹಿ ಹಾಕಿದ ಪತ್ರ ಎಷ್ಟು ದುರ್ಬಲ ಸಾಕ್ಷ್ಯವೆಂಬುದಕ್ಕೆ ಆ ಏಳು ಸಹಿಗಳಿಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಇನ್ನು ಎಣಿಕೆಯ ಬಗೆ. 224 ಸ್ಥಾನಗಳ ಸದನದಲ್ಲಿ 113 ‘ಮ್ಯಾಜಿಕ್ ಸಂಖ್ಯೆ’ ಎಂದು ಎಲ್ಲರ ಬಾಯಲ್ಲೂ ಇದೆ. ಆದರೆ 189ನೇ ವಿಧಿ ಕೇಳುವುದು ಹಾಜರಿದ್ದು ಮತ ಹಾಕಿದವರ ಬಹುಮತವನ್ನು ಮಾತ್ರ. ಸ್ಪೀಕರ್ ಸಾಮಾನ್ಯವಾಗಿ ಮತ ಹಾಕುವುದಿಲ್ಲ, ಸಮಬಲ ಬಂದಾಗ ನಿರ್ಣಾಯಕ ಮತ ಅವರದು. ಹೀಗಾಗಿ ಗೈರುಹಾಜರಿಯೂ ಒಂದು ಮತವೇ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ ಸೋತದ್ದು 99–105ರಿಂದ. ವಿರುದ್ಧ ಬಿದ್ದ 105 ಮತಗಳು 113ಕ್ಕಿಂತ ಎಂಟು ಕಡಿಮೆ, ಆದರೂ ಸಾಕಾದವು, ಏಕೆಂದರೆ ಇಪ್ಪತ್ತು ಮಂದಿ ಸದನಕ್ಕೆ ಬರಲೇ ಇಲ್ಲ. ಆ ಬಳಿಕ ಸ್ಪೀಕರ್ ರಮೇಶ್ ಕುಮಾರ್ ಹದಿನೇಳು ಶಾಸಕರನ್ನು ಅನರ್ಹಗೊಳಿಸಿದಾಗ ಸದನದ ಬಲ 207ಕ್ಕಿಳಿದು ಅರ್ಧ ದಾಟಲು 104 ಸಾಕಾಯಿತು. 2018ರಲ್ಲಿ 104 ಗೆದ್ದು ಅಧಿಕಾರ ಕಳೆದುಕೊಂಡಿದ್ದ ಪಕ್ಷ 105ರೊಂದಿಗೆ ಮರಳಿ ಸರ್ಕಾರ ರಚಿಸಿತು. ಜನರ ತೀರ್ಪು ಬದಲಾಗಿರಲಿಲ್ಲ, ಭಾಗಿಸುವ ಸಂಖ್ಯೆ ಬದಲಾಗಿತ್ತು.

ಪಕ್ಷಾಂತರ ನಿಷೇಧ ಕಾಯ್ದೆ ಇದನ್ನೇಕೆ ತಡೆಯಲಿಲ್ಲ ಎಂದು ನೀವು ಕೇಳಬಹುದು. 1985ರಲ್ಲಿ ಸೇರಿಸಿದ ಹತ್ತನೇ ಅನುಸೂಚಿ ವಿಪ್ (ಸದನದಲ್ಲಿ ಹೇಗೆ ಮತ ಹಾಕಬೇಕೆಂಬ ಪಕ್ಷದ ಆದೇಶ) ಉಲ್ಲಂಘಿಸಿದವರನ್ನು ಮತ್ತು ಪಕ್ಷದ ಸದಸ್ಯತ್ವವನ್ನು ತಾನಾಗಿ ತೊರೆದವರನ್ನು ಅನರ್ಹಗೊಳಿಸುತ್ತದೆ. ಮೂರನೇ ಒಂದು ಭಾಗ ಒಡೆದು ಹೋಗುವುದಕ್ಕಿದ್ದ ರಿಯಾಯಿತಿಯನ್ನು 2003ರ 91ನೇ ತಿದ್ದುಪಡಿ ಕಿತ್ತುಹಾಕಿತು. ಆದರೆ ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಟ್ಟು ಇನ್ನೊಂದು ಪಕ್ಷದಿಂದ ಉಪಚುನಾವಣೆಗೆ ನಿಲ್ಲುವ ದಾರಿಯನ್ನು ಅದು ಊಹಿಸಿರಲಿಲ್ಲ. 2008ರಲ್ಲಿ 110 ಸ್ಥಾನ ಗೆದ್ದು ಮೂರು ಸ್ಥಾನದ ಕೊರತೆಯಲ್ಲಿದ್ದ ಬಿಜೆಪಿ ಸರ್ಕಾರಕ್ಕಾಗಿ ‘ಆಪರೇಷನ್ ಕಮಲ’ ಎಂಬ ಹೆಸರಿನಲ್ಲಿ ಈ ದಾರಿ ಕರ್ನಾಟಕದಲ್ಲಿ ಬಳಕೆಗೆ ಬಂತು. 2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಹದಿನೇಳು ಮಂದಿಯ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಸ್ಪರ್ಧಿಸುವಂತಿಲ್ಲವೆಂಬ ಸ್ಪೀಕರ್ ನಿರ್ಬಂಧವನ್ನು ರದ್ದುಪಡಿಸಿತು. ಮರುತಿಂಗಳ ಉಪಚುನಾವಣೆಯಲ್ಲಿ ಹದಿನೈದು ಸ್ಥಾನಗಳ ಪೈಕಿ ಬಿಜೆಪಿ ಹನ್ನೆರಡನ್ನು ಗೆದ್ದಿತು. ಮಧ್ಯಪ್ರದೇಶದಲ್ಲಿ 2020ರ ಮಾರ್ಚ್‌ನಲ್ಲಿ ಇಪ್ಪತ್ತೆರಡು ಕಾಂಗ್ರೆಸ್ ಶಾಸಕರ ರಾಜೀನಾಮೆಯಿಂದ ಕಮಲ್‌ನಾಥ್ ಸರ್ಕಾರ ಉರುಳಿದ್ದೂ ಇದೇ ದಾರಿಯಲ್ಲಿ. ರಾಜೀನಾಮೆ ಕೊಟ್ಟವರು ಆ ವಿಧಾನಸಭೆಯ ಉಳಿದ ಅವಧಿಗೆ ಮಂತ್ರಿಯಾಗುವಂತಿಲ್ಲ ಎಂಬ ಒಂದು ಸಾಲನ್ನು ಹತ್ತನೇ ಅನುಸೂಚಿಗೆ ಸೇರಿಸಿದರೆ ಈ ವ್ಯಾಪಾರದ ಅರ್ಧ ಲಾಭ ಅಲ್ಲೇ ಇಲ್ಲವಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ದ್ರೋಹದ ಪ್ರಶ್ನೆಗೆ ಬರೋಣ. ಅದನ್ನು ಹಗುರವಾಗಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ಒಂದು ಪಕ್ಷವನ್ನು ದೂರವಿಡಲೆಂದೇ ಇನ್ನೊಂದಕ್ಕೆ ಮತ ಹಾಕಿದ ವ್ಯಕ್ತಿ ಅವೆರಡೂ ಒಂದಾದಾಗ ನೋಯುವುದು ಸಹಜ. ಆದರೆ ‘ಜನಾದೇಶ ಮೊದಲ ಪಕ್ಷಕ್ಕಿತ್ತು’ ಎಂಬ ವಾದವನ್ನು ಅಂಕಿಗಳ ಎದುರು ಇಟ್ಟು ನೋಡಿ. 2018ರಲ್ಲಿ 104 ಸ್ಥಾನ ಗೆದ್ದ ಬಿಜೆಪಿಗೆ ಬಿದ್ದದ್ದು ಸುಮಾರು ಶೇ 36ರಷ್ಟು ಮತ, 78 ಗೆದ್ದ ಕಾಂಗ್ರೆಸ್ಸಿಗೆ ಸುಮಾರು ಶೇ 38. ಮಸ್ಕಿಯಂಥ ಕ್ಷೇತ್ರದಲ್ಲಿ ಗೆಲುವಿನ ಅಂತರ 213 ಮತ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದಿಂದ ಫಲಿತಾಂಶ ನಿರ್ಧಾರವಾಗಿತ್ತು. 2023ರಲ್ಲಿ ಜಯನಗರದಲ್ಲಿ 16 ಮತಗಳಿಂದ. ಹೆಚ್ಚು ಮತ ಪಡೆದವರು ಗೆದ್ದರು ಎಂಬ ನಮ್ಮ ಪದ್ಧತಿಯಲ್ಲಿ ಇಂಥ ಅಂತರಗಳು ಸೇರಿ ಸ್ಥಾನಗಳ ಲೆಕ್ಕವಾಗುತ್ತವೆ, ಅದರಿಂದ ಒಂದು ಪಕ್ಷದ ಪರವಾದ ಏಕಕಂಠದ ಆದೇಶವನ್ನು ಓದಿಕೊಳ್ಳಲಾಗದು. ಅತಂತ್ರ ಫಲಿತಾಂಶ ಬಂದಾಗ ಜನ ಖಚಿತವಾಗಿ ಹೇಳಿರುವುದು ಒಂದೇ: ಯಾರೊಬ್ಬರ ಕೈಗೂ ಪೂರ್ತಿ ಅಧಿಕಾರ ಬೇಡ. ಅಲ್ಲಿಂದ ಮುಂದೆ ಮೈತ್ರಿ ಅನಿವಾರ್ಯ, ಅಪರಾಧವಲ್ಲ.

ಆಕ್ಷೇಪಿಸಬೇಕಾದದ್ದು ಮೈತ್ರಿಯನ್ನಲ್ಲ, ಅದರ ಕರಾರು ಜನರ ಕಣ್ಣಿಗೆ ಬೀಳದಿರುವುದನ್ನು. ಕರ್ನಾಟಕದಲ್ಲಿ 2004ರಲ್ಲಿ ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58 ಗೆದ್ದು ಕಾಂಗ್ರೆಸ್–ಜೆಡಿಎಸ್ ಮೈತ್ರಿಯ ಧರ್ಮಸಿಂಗ್ ಸರ್ಕಾರ ಬಂತು. 2006ರ ಫೆಬ್ರುವರಿಯಲ್ಲಿ ಅದರ ಜಾಗಕ್ಕೆ ಜೆಡಿಎಸ್–ಬಿಜೆಪಿ ಸರ್ಕಾರ ಬಂತು. ಇಪ್ಪತ್ತು ತಿಂಗಳು ಒಬ್ಬರು, ಮುಂದಿನ ಇಪ್ಪತ್ತು ತಿಂಗಳು ಇನ್ನೊಬ್ಬರು ಎಂಬ ಒಪ್ಪಂದ. 2007ರ ಅಕ್ಟೋಬರ್‌ನಲ್ಲಿ ಅಧಿಕಾರ ಹಸ್ತಾಂತರದ ಹೊತ್ತಿಗೆ ಎರಡೂ ಕಡೆಯವರು ಆ ಒಪ್ಪಂದದಲ್ಲಿ ಏನೇನಿತ್ತು ಎಂಬುದರ ಬಗ್ಗೆಯೇ ಜಗಳಕ್ಕಿಳಿದರು. ನವೆಂಬರ್‌ನಲ್ಲಿ ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪ ಏಳು ದಿನಗಳಲ್ಲಿ ಕೆಳಗಿಳಿದರು. 2018ರ ಮೈತ್ರಿ ಈ ವಿಷಯದಲ್ಲಿ ಕೊಂಚ ಸುಧಾರಿಸಿತ್ತು. ಕಾಂಗ್ರೆಸ್ಸಿಗೆ 22, ಜೆಡಿಎಸ್ಸಿಗೆ 12 ಸಚಿವ ಸ್ಥಾನ, ಹಣಕಾಸು ಜೆಡಿಎಸ್ಸಿಗೆ, ಗೃಹ ಕಾಂಗ್ರೆಸ್ಸಿಗೆ, ಸಿದ್ದರಾಮಯ್ಯ ಅವರ ಅಧ್ಯಕ್ಷತೆಯಲ್ಲಿ ಸಮನ್ವಯ ಸಮಿತಿ ಎಂದು ಬರೆದು ಸಹಿ ಮಾಡಿ ಪ್ರಕಟಿಸಿದರು. ಆದರೆ ಅದು ಬಂದದ್ದು ವಿಶ್ವಾಸಮತ ಮುಗಿದು ಒಂದು ವಾರವಾದ ಮೇಲೆ. ಆ 22 ಮತ್ತು 12ರ ಮೊತ್ತ 34 ಆಗಿರುವುದು ಆಕಸ್ಮಿಕವಲ್ಲ. ಮಂತ್ರಿಮಂಡಲ ಸದನದ ಶೇ 15ನ್ನು ಮೀರಬಾರದೆಂಬ 91ನೇ ತಿದ್ದುಪಡಿಯ ಮಿತಿಯಂತೆ ಮುಖ್ಯಮಂತ್ರಿ ಸೇರಿ ನಮ್ಮಲ್ಲಿ ಇರಬಹುದಾದದ್ದೇ ಅಷ್ಟು. ಒಂದೇ ಪಕ್ಷದ ಸರ್ಕಾರದಲ್ಲೇ ಖಾತೆ ಸಿಗದವರ ಮುನಿಸು ತಣಿಸುವುದು ಕಷ್ಟ. ಎರಡು ಪಕ್ಷಗಳ ನಡುವೆ 34 ಸ್ಥಾನ ಹಂಚಿದಾಗ ಉಳಿದುಹೋದವರ ಸಾಲೇ ಸರ್ಕಾರದ ಅಸಲಿ ಬಿರುಕಾಗುತ್ತದೆ.

ಹೋಲಿಕೆಗೆ ಕೇರಳವನ್ನು ನೋಡಬಹುದು. 2011ರಲ್ಲಿ ಅಲ್ಲಿನ 140 ಸ್ಥಾನಗಳಲ್ಲಿ ಕಾಂಗ್ರೆಸ್ ನೇತೃತ್ವದ ಯುಡಿಎಫ್ ಕೂಟಕ್ಕೆ 72, ಎಡಪಕ್ಷಗಳ ಎಲ್‌ಡಿಎಫ್ ಕೂಟಕ್ಕೆ 68. ಇಷ್ಟು ಕಿರಿದಾದ ಅಂತರದಲ್ಲೂ ಉಮ್ಮನ್ ಚಾಂಡಿ ಸರ್ಕಾರ ಐದು ವರ್ಷ ಪೂರೈಸಿತು. ಅಲ್ಲಿ ಮೈತ್ರಿ ದಶಕಗಳಷ್ಟು ಹಳೆಯದು. ಯಾವ ಪಕ್ಷಕ್ಕೆ ಎಷ್ಟು ಕ್ಷೇತ್ರ, ಎಷ್ಟು ಖಾತೆ ಎಂಬುದು ಮತದಾನಕ್ಕೆ ಮುಂಚೆಯೇ ಬಹುಮಟ್ಟಿಗೆ ಗೊತ್ತಿರುತ್ತದೆ. ಮತದಾರ ಒಂದು ಪಕ್ಷವನ್ನಲ್ಲ, ಕೂಟವನ್ನೇ ಆರಿಸುತ್ತಾನೆ. ಸರ್ಕಾರಿಯಾ ಆಯೋಗ ಚುನಾವಣಾಪೂರ್ವ ಮೈತ್ರಿಯನ್ನು ಮೊದಲಿಟ್ಟದ್ದರ ತಿರುಳು ಇದೇ.

ಕೊನೆಯದಾಗಿ, ಯಾರೂ ಸರ್ಕಾರ ರಚಿಸಲಾಗದಿದ್ದರೆ ಏನು? 1965ರಲ್ಲಿ ಕೇರಳದಲ್ಲಿ ಚುನಾಯಿತ ಸದನ ಒಮ್ಮೆಯೂ ಸೇರದೆ ವಿಸರ್ಜನೆಯಾಯಿತು. 2005ರ ಫೆಬ್ರುವರಿಯಲ್ಲಿ ಬಿಹಾರದ 243 ಸ್ಥಾನಗಳು ಹಂಚಿಹೋಗಿ ರಾಷ್ಟ್ರಪತಿ ಆಳ್ವಿಕೆ ಬಂತು. ಮೇ ತಿಂಗಳಲ್ಲಿ ನಿತೀಶ್ ಕುಮಾರ್ ಅವರ ಕಡೆಗೆ ಸಂಖ್ಯೆ ಕೂಡಿಬರುತ್ತಿದೆ ಎನ್ನುವಾಗ, ಅದು ಆಮಿಷದಿಂದ ಕೂಡಿಸಿದ ಬಹುಮತವೆಂಬ ರಾಜ್ಯಪಾಲ ಬೂಟಾ ಸಿಂಗ್ ಅವರ ವರದಿಯ ಮೇಲೆ ಸದನವನ್ನೇ ವಿಸರ್ಜಿಸಲಾಯಿತು. ಸುಪ್ರೀಂ ಕೋರ್ಟ್ ಆ ವಿಸರ್ಜನೆ ಅಸಾಂವಿಧಾನಿಕ ಎಂದಿತು: ಬಹುಮತವಿದೆಯೆಂದು ಹೇಳುವವರನ್ನು, ಅದು ಹೇಗೆ ಬಂತೆಂಬ ಬರೀ ಶಂಕೆಯ ಮೇಲೆ ರಾಜ್ಯಪಾಲರು ತಡೆಯುವಂತಿಲ್ಲ. ಆದರೆ ಆದೇಶ ಹೊರಬಿದ್ದದ್ದು ಅಕ್ಟೋಬರ್ 7ಕ್ಕೆ, ಆ ಹೊತ್ತಿಗೆ ಹೊಸ ಚುನಾವಣೆಯ ಪ್ರಕ್ರಿಯೆ ನಡೆದೇ ಇತ್ತು. ಆದ್ದರಿಂದ ಒಂದು ದಿನವೂ ಸಭೆ ಸೇರದ ಆ ವಿಧಾನಸಭೆಯನ್ನು ನ್ಯಾಯಾಲಯ ಮರಳಿ ತರಲಿಲ್ಲ.